ಅಮೆರಿಕದ ಕವಿಯೂ ಆಯಿಯ ಕಟ್ಟದ ಲಿಂಗವೂ

ನಮ್ಮ ಮನೆಗೆ ಬಂದು ಚಹಾ ಬೇಡ ಎಂದವರನ್ನು ಅವ್ವ ಎರಡನೆಯ ಸಲ ಮಾತಾಡಿಸುತ್ತಿರಲಿಲ್ಲ. ಬೆಳಗಾವಿಯ ಸದಾಶಿವನಗರದ ನಮ್ಮ ಓಣಿಯಲ್ಲಿ ಚಹಾ ಬೇಡವೆನ್ನುವುದು ಹೊಸ್ತಿಲ ಮೇಲೆ ನಿಂತು ಬೈದಷ್ಟೇ ಆಗಿತ್ತು. ಎಪ್ಪತ್ತರ ದಶಕದ ನಡುವೆ ನಮ್ಮ ಮುಂದಿನ ಕೋಣೆಗೆ ಬಾಡಿಗೆಗೆ ಬಂದ ಅಮೆರಿಕದ ಕವಿಯೊಬ್ಬರು ಮೊದಲ ದಿನವೇ ಆ ಕೆಲಸ ಮಾಡಿದರು. ಅದೂ ಎಂಥ ಕನ್ನಡದಲ್ಲಿ! "ಕ್ಷಮಿಸಬೇಕು, ನಾನು ಚಹಾವನ್ನು ಸೇವಿಸುವುದಿಲ್ಲ. ಕಾಫಿಯನ್ನೂ ಸಹ." ಅವ್ವ ಕಪ್ಪು ಹಿಡಿದುಕೊಂಡು ನಿಂತೇ ಇದ್ದಳು. ನಾನು ಒಳಗೆ ಓಡಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಆಗ ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಮನೆಯವರು ನನಗೆ ವರ ನೋಡುತ್ತಿದ್ದರು, ನಾನು ಬಂದ ವರಗಳಲ್ಲಿ ಹುಳುಕು ನೋಡುತ್ತಿದ್ದೆ. ಅಪ್ಪ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ಕವಿಗಳು ಎಂದೇ ನಾವು ಕರೆಯುತ್ತಿದ್ದ ಅವರನ್ನು ಮನೆಗೆ ಕರೆತಂದವನೂ ಅವನೇ. ಅವರು ತಮ್ಮ ದೇಶದಲ್ಲಿ ಎರಡು ಕವನ ಸಂಕಲನ ತಂದವರು, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರು. ಬೀಸುವಾಗ ಹೆಂಗಸರು ಹಾಡುವ ಪದಗಳನ್ನು ಕೂಡಿಸಿ, ಇಂಗ್ಲಿಷಿಗೆ ತಂದು, ಪುಸ್ತಕ ಮಾಡಬೇಕೆಂದು ಬಂದಿದ್ದರು. ಧರ್ಮದಲ್ಲಿ ಮಾರ್ಮನ್. ಅದು ಕ್ರಿಸ್ತರಲ್ಲೇ ಬೇರೆ ಒಂದು ಪಂಥ, ಬೇರೆ ಪ್ರವಾದಿ, ಬೇರೆ ಗ್ರಂಥ ಎಂದು ಅಪ್ಪ ತಿಳಿಸಿ ಹೇಳಿದ. ಬಾಜು ಮನೆಯವರು ಮಾತ್ರ ಒಪ್ಪಲಿಲ್ಲ.

"ಪಾದ್ರಿ ಇರಬೇಕ್ರೀ. ಮನ್ಯಾಗ ಹರೇದ ಹುಡುಗಿ ಅದಾಳ, ಹುಷಾರ."

"ಅಂವ ಚಹಾ ಸುದ್ದಾ ಕುಡ್ಯಾಂಗಿಲ್ರಿ. ನಮ್ಮನ್ನೇನ್ ಕೆಡಸ್ತಾನ, ನಾವ ಅವನ್ನ ಕೆಡಸಬೇಕು," ಎಂದ ಅಪ್ಪ.

ಬೀಸುಕಲ್ಲಿನ ಪದ ಬೇಕೆಂದರೆ ಪಾರಿಶ್ವಾಡಕ್ಕೆ ಹೋಗಬೇಕು, ನಮ್ಮ ಆಯಿಯ ಹತ್ತಿರ. ಆಯಿ ಎಂದರೆ ಅಪ್ಪನ ತಾಯಿ. ಊರಲ್ಲಿ ಅಪ್ಪನ ತಮ್ಮ ಕಾಕಾನ ಸಂಸಾರದೊಂದಿಗೆ ಇದ್ದಳು, ಹೊಲ ಮನೆ ಎಲ್ಲ ಅವಳ ಕೈಯಲ್ಲೇ ಇತ್ತು. ಗಂಡಸರ ಮುಂದೆ ಹೆಂಗಸರು ಹಾಡುವುದಿಲ್ಲ, ಹುಡುಗಿ ಜೊತೆಗಿದ್ದರೆ ಹಾಡುತ್ತಾರೆ ಎಂದು ಅಪ್ಪ ನನ್ನನ್ನೂ ಕಳಿಸತೊಡಗಿದ. ಬೆಳಗಾವಿಯಿಂದ ರೈಲು, ದೇಸೂರ ದಾಟಿ ಖಾನಾಪುರ, ಅಲ್ಲಿಂದ ಬಸ್ಸು. ಕವಿಗಳ ಹೆಗಲಿಗೆ ಇಟ್ಟಿಗೆಯಷ್ಟು ಭಾರದ ಟೇಪ್ ರೆಕಾರ್ಡರ್ ನೇತಾಡುತ್ತಿತ್ತು.

ಆಯಿ ಅವರನ್ನು ಮೊದಲ ಸಲ ನೋಡಿದಾಗ ಕೇಳಿದ್ದು ಒಂದೇ.

"ನಿಮ್ಮೂರು ಯಾವದು ತಮ್ಮಾ?"

"ಉಪ್ಪುನೀರಿನ ಒಂದು ದೊಡ್ಡ ಸರೋವರದ ದಡದಲ್ಲಿದೆ, ಅಮ್ಮನವರೇ."

"ಕುಡ್ಯಾಕ ಬರಲಾರದ ಕೆರಿ ದಂಡಿಗೆ ಯಾಕ ಊರ ಕಟ್ಟಿದ್ರಿ?"

ಕವಿಗಳು ನಕ್ಕರು. ಆ ಪ್ರಶ್ನೆಗೆ ಉತ್ತರವೇ ತಮ್ಮ ಕವಿತೆ ಎಂದರು. ಅವರ ಮುತ್ತಜ್ಜನ ಕಾಲದಲ್ಲಿ ಆ ಪಂಥದವರನ್ನು ಊರೂರಿಂದ ಓಡಿಸಿದ್ದರಂತೆ. ಸಾಮಾನನ್ನು ಕೈಗಾಡಿಗೆ ಹಾಕಿ, ಎತ್ತಿಲ್ಲದೆ ತಾವೇ ಎಳೆದುಕೊಂಡು, ಯಾರಿಗೂ ಬೇಡವಾದ ಆ ಬಯಲಿಗೆ ನಡೆದು ಬಂದರಂತೆ. ದಾರಿಯಲ್ಲಿ ಹಿಮಕ್ಕೆ ಸತ್ತ ಮಕ್ಕಳನ್ನು ಅಲ್ಲಲ್ಲೇ ಹೂತು ಮುಂದೆ ಹೋದರಂತೆ. ಅವರು ಬರೆದದ್ದೆಲ್ಲ ಆ ಗುರುತಿಲ್ಲದ ಕುಣಿಗಳ ಮೇಲೆಯೇ. ಒಂದು ಕವಿತೆಯನ್ನು ತಮ್ಮ ಪುಸ್ತಕದ ಕನ್ನಡದಲ್ಲಿ ಆಯಿಗೆ ಬಿಡಿಸಿ ಹೇಳಿದರು. ಹೂತ ಮಗುವನ್ನು ಬಿಟ್ಟು ನಡೆದ ತಾಯಿಯೊಬ್ಬಳಿಗೆ ಗಾಡಿ ಹಗುರಾಗುವ ಬದಲು ಭಾರವಾಗುತ್ತ ಹೋಗುವ ಕವಿತೆ ಅದು. ಆಯಿ ಕೊನೆತನಕ ಕೇಳಿದಳು.

ಅವತ್ತಿನಿಂದ ಅವರು ಆಯಿಯ ಮನುಷ್ಯರಾದರು. ಚಹಾದ ಬದಲು ಬೆಲ್ಲ ಹಾಕಿದ ಹಾಲು ಕೊಡುವ ಪದ್ಧತಿ ಶುರುವಾಯಿತು. ತಿಂಗಳ ಮೊದಲ ರವಿವಾರ ಅವರದು ಉಪವಾಸ, ಆಯಿಯದು ಸೋಮವಾರ ಒಪ್ಪತ್ತು. ಅವರು ಎಂಥ ಸೆಕೆಯಲ್ಲೂ ಅಂಗಿಯ ಕೆಳಗೆ ಬಿಳಿಯ ಒಳಬಟ್ಟೆ ತೊಟ್ಟಿರುತ್ತಿದ್ದರು. ಅದು ಧರ್ಮದ ಬಟ್ಟೆ, ಸುಮ್ಮಸುಮ್ಮನೆ ತೆಗೆಯುವಂತಿಲ್ಲ ಎಂದು ಸಂಕೋಚದಿಂದ ಹೇಳಿದಾಗ ಆಯಿ, "ನಮ್ಮ ಲಿಂಗ ಇದ್ದಂಗ ಅನ್ನು," ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಇನ್ನು ಬೀಸುವ ಕೋಣೆಯ ಮಾತು. ಅದಕ್ಕೆ ಕಿಟಕಿ ಇರಲಿಲ್ಲ, ಸೂರಿನ ಒಂದು ಬೆಳಕಿಂಡಿ ಮಾತ್ರ. ಬೀಸುವುದು ಇಬ್ಬರ ಕೆಲಸ. ಎದುರುಬದುರು ಕುಳಿತು ಗೂಟ ಹಿಡಿಯುತ್ತಾರೆ, ಒಬ್ಬಳು ಪದ ಎತ್ತಿದರೆ ಇನ್ನೊಬ್ಬಳು ಸೊಲ್ಲು ಹಿಡಿಯುತ್ತಾಳೆ. ನಮ್ಮ ಆಯಿ ಮಾತ್ರ ಒಬ್ಬಳೇ ಬೀಸುತ್ತಿದ್ದಳು. ಎದುರಿನ ಜಾಗ ಖಾಲಿ. ಅಲ್ಲಿ ಕೂರಲು ಹೋದ ಸೊಸೆಯಂದಿರನ್ನು ಎಬ್ಬಿಸಿ ಕಳಿಸುತ್ತಿದ್ದಳು. ಚಿಕ್ಕವಳಿದ್ದಾಗ ನಾನೂ ಬೈಸಿಕೊಂಡಿದ್ದೇನೆ. ಮುದುಕಿಯ ಹಟ ಎಂದು ಎಲ್ಲರೂ ಬಿಟ್ಟಿದ್ದರು.

ಒಂದು ಮಟಮಟ ಮಧ್ಯಾಹ್ನ ಕವಿಗಳು ನಮ್ಮ ಕಣ್ಣೆದುರೇ ಹೊಸ ಕ್ಯಾಸೆಟ್ಟಿನ ಕಾಗದ ಹರಿದು ಯಂತ್ರಕ್ಕೆ ಹಾಕಿದರು. ಆಯಿ ಜೋಳ ಹಾಕಿ ಬೀಸುತ್ತ ಹಾಡಿದಳು.

ಹಳ್ಳ ತುಂಬಿ ಬಂತ ಹಾದಿ ಮುಳುಗಿ ಹೋತ
ಬೆಳ್ಳಾನ ಬೆಳಗೀಲೆ ಬರತೀದಿ | ನನ ಮಗಳ
ಕಲ್ಲಿನ ಬಾಜೂಕ ಕುಂದರ

ನಾನು ಅಡಿಗೆಮನೆಯಿಂದ ಕವಿಗಳಿಗೆ ಹಾಲು ತೆಗೆದುಕೊಂಡು ಬರುವ ಹೊತ್ತಿಗೆ ಪದ ಮುಗಿಯುತ್ತಿತ್ತು. ಬಾಗಿಲಲ್ಲಿ ನನ್ನನ್ನು ನೋಡಿ ಆಯಿ, "ಬಂದಿ ಏನವ್ವಾ? ಕುಂದರು," ಅಂದಳು. ಆ ಮಾತೂ ಟೇಪಿನಲ್ಲಿ ಸೇರಿತು.

ಹಾಡು ಮುಗಿದ ಮೇಲೆ ಆಯಿ ಅವರ ಊರಿನ ಕುಣಿಗಳ ಮಾತು ತೆಗೆದಳು. ದಾರಿಯಲ್ಲಿ ಸತ್ತವರಿಗೆ ನಿಮ್ಮ ಧರ್ಮದ ಸಂಸ್ಕಾರ ಆಗಿರಲಿಲ್ಲವಲ್ಲ, ಮುಂದೇನು ಮಾಡಿದಿರಿ ಎಂದು ಕೇಳಿದಳು. ಕವಿಗಳು ತಮ್ಮ ಪಂಥದ ಕ್ರಮ ತಿಳಿಸಿದರು. ದೀಕ್ಷೆ ಇಲ್ಲದೆ ಸತ್ತವರ ಪರವಾಗಿ ಬದುಕಿರುವ ಒಬ್ಬರು ನೀರಿಗಿಳಿಯುತ್ತಾರೆ. ಸತ್ತವರ ಹೆಸರು ಹೇಳಿ ಅವರನ್ನು ಪೂರ್ತಿ ಮುಳುಗಿಸಿ ಎತ್ತುತ್ತಾರೆ.

"ಅದು ಸತ್ತವರಿಗೆ ಮುಟ್ಟತೈತೇನು?"

"ಮುಟ್ಟುತ್ತದೆ ಎಂದು ನಂಬುತ್ತೇವೆ. ಅವರು ಒಪ್ಪಿಕೊಂಡರೆ."

"ಒಪ್ಪಿದ್ದು ಹೆಂಗ ಗೊತ್ತಾಗಬೇಕು?"

"ಗೊತ್ತಾಗುವುದಿಲ್ಲ ಅಮ್ಮನವರೇ."

ಆಯಿ ಎದ್ದು ಹೋಗಿ ಗೋಡೆಯ ಮಾಡದಿಂದ ಏನನ್ನೋ ತಂದು ಅಂಗೈ ಬಿಚ್ಚಿದಳು. ಬಟ್ಟೆಯಲ್ಲಿ ಸುತ್ತಿದ ಪುಟ್ಟ ಲಿಂಗ, ಜೊತೆಗೆ ಹಳದಿಯಾದ ಶಿವದಾರ. ಹುಟ್ಟಿದಾಗಿನಿಂದ ಆ ಮನೆಗೆ ಹೋಗಿ ಬರುತ್ತಿದ್ದ ನಾನು ಅದನ್ನು ನೋಡಿದ್ದು ಅವತ್ತೇ.

ಆಯಿಯ ಚೊಚ್ಚಲ ಮಗು ಹೆಣ್ಣಂತೆ. ಮಳೆಗಾಲದಲ್ಲಿ ಹುಟ್ಟಿತು. ನಮ್ಮಲ್ಲಿ ಕೂಸಿಗೆ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಅದು ಸಾಯುವತನಕ ಮೈಮೇಲೆ ಇರುತ್ತದೆ, ಸತ್ತಾಗ ಅಂಗೈಯಲ್ಲಿಟ್ಟು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಅವರು ಲಿಂಗದಲ್ಲಿ ಒಂದಾದರು, ಅಲ್ಲಿಗೆ ಮುಗಿಯಿತು. ತಿರುಗಿ ಬರುವ ಮಾತಿಲ್ಲ. ಆದರೆ ಆ ವರ್ಷ ಹಳ್ಳ ತುಂಬಿ ಅಯ್ಯನವರು ಆಚೆ ದಂಡೆಯಲ್ಲೇ ಉಳಿದರು. ನೀರು ಇಳಿಯುವುದರೊಳಗೆ ಕೂಸು ತೀರಿಕೊಂಡಿತು, ಲಿಂಗವಿಲ್ಲದೆ, ಹೆಸರೂ ಇಲ್ಲದೆ. ಅದನ್ನು ಹಿತ್ತಲಲ್ಲಿ ಹೂತರು. ತಂದಿಟ್ಟಿದ್ದ ಲಿಂಗ ಹಾಗೇ ಉಳಿಯಿತು. ಒಂದಾಗದ ಜೀವ ಎಲ್ಲಿ ಹೋಗಬೇಕು? ಆಯಿ ಅದಕ್ಕೆ ಬೀಸುಕಲ್ಲಿನ ಎದುರು ಜಾಗ ಬಿಟ್ಟುಕೊಟ್ಟಿದ್ದಳು.

"ನಿಮ್ಮ ಪದ್ಧತಿ ಪರಕಾರ ನನ್ನ ಕೂಸಿಗೂ ಮಾಡಸು ತಮ್ಮಾ," ಅಂದಳು.

ಕವಿಗಳ ಮುಖ ಮೆತ್ತಗಾಯಿತು. "ಶಿಶುಗಳಿಗೆ ಅದರ ಅಗತ್ಯವಿಲ್ಲ," ಎಂದರು. ತಮ್ಮ ಧರ್ಮದಲ್ಲಿ ಇದ್ದುದರಲ್ಲೇ ದೊಡ್ಡ ಸಮಾಧಾನದ ಮಾತನ್ನು ಅವರು ಕೊಟ್ಟಿದ್ದರು. ಸಣ್ಣ ಮಕ್ಕಳಲ್ಲಿ ಪಾಪವಿಲ್ಲ, ಅವು ನೇರವಾಗಿ ದೇವರ ಮನೆ ಸೇರುತ್ತವೆ, ನೀರೂ ಬೇಡ ಮಂತ್ರವೂ ಬೇಡ ಎಂದು ಅರ್ಥ. ಆಯಿಗೆ ಕೇಳಿಸಿದ್ದು ಬೇರೆ. ಇಲ್ಲಿಯೂ ನಿನ್ನ ಕೂಸು ಲೆಕ್ಕಕ್ಕಿಲ್ಲ ಎಂದು ಕೇಳಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕವಿಗಳು ಎಷ್ಟು ಬಿಡಿಸಿ ಹೇಳಿದರೂ ಅವಳು ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಳು. ಮುಂದಿನ ವಾರ ಹೋದಾಗ ಹಾಡಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಊಟವನ್ನೂ ಅರ್ಧಕ್ಕೆ ಬಿಡುತ್ತಾಳೆ ಎಂದು ಕಾಕಿ ಹೇಳಿದಳು.

ಅವಳನ್ನು ಒಲಿಸಲು ಕವಿಗಳು ಒಂದು ಉಪಾಯ ಮಾಡಿದರು. ಅವಳ ಹಾಡನ್ನೇ ಅವಳಿಗೆ ಕೇಳಿಸೋಣ ಎಂದು ಅದೇ ಕೋಣೆಯಲ್ಲಿ, ಅದೇ ಮಧ್ಯಾಹ್ನದ ಹೊತ್ತಿನಲ್ಲಿ ಟೇಪು ಹಾಕಿದರು. ಕಲ್ಲಿನ ಸದ್ದು ಬಂತು, ಆಯಿಯ ದನಿ ಬಂತು. ಎರಡನೆಯ ಸಾಲಿಗೆ ಇನ್ನೊಂದು ದನಿ ಬಂತು.

ಸಣ್ಣಗೆ, ಕಲ್ಲಿನ ಆಚೆ ಬದಿಯಿಂದ. ಆಯಿ ಪದ ಬಿಟ್ಟಲ್ಲಿ ಅದು ಸೊಲ್ಲು ಹಿಡಿಯುತ್ತಿತ್ತು.  ಅದು ನಾನಲ್ಲ, ನಾನಾಗ ಅಡಿಗೆಮನೆಯಲ್ಲಿದ್ದೆ. ಅಲ್ಲದೆ ನಾನು ಹಾಡಿದರೆ ಕತ್ತೆಯೂ ತಿರುಗಿ ನೋಡೀತು, ಸಾಲೆಯಲ್ಲಿ ಪ್ರಾರ್ಥನೆಗೆ ಬಾಯಾಡಿಸಿದರೆ ಸಾಕು ಎಂದು ಶಿಕ್ಷಕಿ ಬಾಯಿಯವರೇ ಹೇಳಿದ್ದರು. ಕವಿಗಳು ಹಳೆಯ ಟೇಪಿನ ಮೇಲೆ ಮತ್ತೆ ತುಂಬಿದರೆ ಹೀಗಾಗುವುದುಂಟು ಎಂದು ಶುರು ಮಾಡಿ, ಹೊಸ ಟೇಪಿನ ಕಾಗದ ಹರಿದದ್ದು ನೆನಪಾಗಿ ನಿಲ್ಲಿಸಿದರು. ಮೂರೂ ಜನ ಖಾಲಿ ಜಾಗ ನೋಡಿದೆವು. ಬೆಳಕಿಂಡಿಯ ಬಿಸಿಲಿನಲ್ಲಿ ಹಿಟ್ಟಿನ ದೂಳು ತೇಲುತ್ತಿತ್ತು, ಅಷ್ಟೇ.

ಆಯಿ ಮಾತ್ರ ಹೆದರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು.

"ಕೇಳಿದಿ ಏನ್ ತಮ್ಮಾ? ಕೂಸಿನ ದನಿ ಅಲ್ಲದು. ಅಕಿ ದೊಡ್ಡಾಕಿ ಆಗ್ಯಾಳ. ಸಣ್ಣ ಕೂಸಿಗೆ ಬ್ಯಾಡ ಅಂದಿದ್ದಿ. ಈಗ ಏನಂತಿ?"

 ಇಂಥದ್ದಕ್ಕೆ ತಮ್ಮಲ್ಲಿ ದೇವಾಲಯ ಬೇಕು, ಅಪ್ಪಣೆ ಬೇಕು, ತಮಗೆ ಅಧಿಕಾರವಿಲ್ಲ ಎಂದರು ಕವಿಗಳು. ಆಯಿ ಅಯ್ಯನವರನ್ನು ಕರೆಸಿ ಕೇಳಿದಳು. "ಸತ್ತವರಿಗೆ ಲಿಂಗ ಕಟ್ಟೂದು ಯಾ ಶಾಸ್ತ್ರದಾಗ ಐತಿ?" ಎಂದು ಅವರು ಗದರಿ ಹೋದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಕೊನೆಗೆ ಅವಳು ನನ್ನ ಕೈ ಹಿಡಿದಳು.

"ನೀ ನಿಂದರ್ತಿ ಏನವ್ವಾ ಅಕಿ ಸಲವಾಗಿ? ನನ್ನ ಮಗಳಿಗೆ ನಿನ್ನ ಕೊಳ್ಳ ಕೊಡ್ತಿ?"

ಅವ್ವನಿಗೆ ವಿಷಯ ತಿಳಿದು ಬೆಳಗಾವಿಯ ಮನೆ ರಣರಂಗವಾಯಿತು. "ಮದುವಿ ಆಗೂ ಹುಡುಗಿ ಮೈಮ್ಯಾಲ ಸತ್ತಾಕೀನ್ನ ಕರ್ಸತೀರೇನು? ಅಕಿ ಒಮ್ಮೆ ಬಂದ್ರ ಹೋಗ್ತಾಳಂತ ಯಾರ ಜಾಮೀನು?" ಎಂದು ಅತ್ತಳು. ನನಗೂ ಭಯವಿತ್ತು. ಇಲ್ಲವೆಂದರೆ ಸುಳ್ಳಾದೀತು. ಆದರೆ ಬೇಡ ಎಂದದ್ದನ್ನು ಮಾಡುವುದು ನನ್ನ ಹುಟ್ಟುಗುಣ. ಅದಕ್ಕಿಂತ ಹೆಚ್ಚಾಗಿ ಆಯಿ ದಿನದಿಂದ ದಿನಕ್ಕೆ ಒಣಗುತ್ತಿದ್ದಳು. ಆ ಮುದುಕಿಯನ್ನು ನಾನು ಎಲ್ಲರಿಗಿಂತ ಹೆಚ್ಚು ಪ್ರೀತಿಸುತ್ತಿದ್ದೆ. ಹ್ಞೂಂ ಅಂದೆ.

ಖಾನಾಪುರದಲ್ಲಿ ಮಲಪ್ರಭೆಯ ದಂಡೆಗೆ ಬೆಳಗಿನ ಹೊತ್ತು ಸೇರಿದೆವು. ಆಯಿಯನ್ನು ಕಾಕಾ ಬಸ್ಸಿನಲ್ಲಿ ಕರೆತಂದು, ತಾನು ನೋಡಲಾರೆ ಎಂದು ಮೇಲೆಯೇ ನಿಂತ. "ಮಂತ್ರ ಬ್ಯಾಡ ತಮ್ಮಾ, ಬರೇ ಕೈ ಹಿಡಿ. ನನ್ನ ಮೊಮ್ಮಗಳು ಮುಣುಗಿ ಹೋದಾಳು," ಎಂದಳು ಆಯಿ ಕವಿಗಳಿಗೆ. ಅವರು ಬೂಟು ಬಿಚ್ಚಿ ನೀರಿಗಿಳಿಯುತ್ತ ನನಗೊಬ್ಬಳಿಗೇ ಕೇಳುವಂತೆ ಹೇಳಿದರು: "ನನಗೂ ಒಬ್ಬ ಮಗಳಿದ್ದಳು. ಎಂಟು ತಿಂಗಳು ಬದುಕಿದ್ದಳು. ಅವಳಿಗಾಗಿ ನಾನು ಏನನ್ನೂ ಮಾಡಬೇಕಾಗಿರಲಿಲ್ಲ. ಮಾಡುವುದೇನೂ ಇಲ್ಲವೆಂಬುದೇ ನನ್ನ ಕಷ್ಟವಾಗಿತ್ತು." ಅವತ್ತು ಮೊದಲ ಸಲ ಅವರ ಪುಸ್ತಕದ ಕನ್ನಡ ನನಗೆ ನಗು ತರಿಸಲಿಲ್ಲ.

ನನ್ನ ಲಿಂಗ ನನ್ನ ಎದೆಯ ಮೇಲೆ ಇತ್ತು. ಅದರ ಮೇಲೆ ಆಯಿ ಆ ಪುಟ್ಟ ಲಿಂಗ ಕಟ್ಟಿದಳು. ಒಂದು ಹೆಸರು ಕೂಗಿದಳು. ಅಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರು, ಅದನ್ನು ಇಲ್ಲಿ ಬರೆಯುವುದಿಲ್ಲ. ಕವಿಗಳು ಮಣಿಕಟ್ಟು ಹಿಡಿದು ನನ್ನನ್ನು ಮುಳುಗಿಸಿ ಎತ್ತಿದರು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ಪೋರೀಲಾ ಕಾಯ್ ಝಾಲಂ?" ಎಂದು ಮರಾಠಿಯಲ್ಲಿ ಕೇಳಿದಳು, ಹುಡುಗಿಗೆ ಏನಾಯಿತು ಎಂದು. "ಕಾಹೀ ನಾಹೀ," ಏನಿಲ್ಲ, ಎಂದಳು ಆಯಿ.

ನನಗೂ ಏನೂ ಆಗಲಿಲ್ಲ. ಮೂಗಿಗೆ ನೀರು ಹೋಗಿ ಸೀನಿದೆ. "ಒಪ್ಪಿದಳೇನವ್ವಾ?" ಎಂದು ಆಯಿ ಕೇಳಿದಾಗ, ಗೊತ್ತಿಲ್ಲ ಎಂದೆ. "ಗೊತ್ತಾದ್ರ ನನಗ ಹೇಳು. ಮರೀಬ್ಯಾಡ," ಎಂದು ನನ್ನ ಒದ್ದೆ ತಲೆ ಒರೆಸಿದಳು. ಕವಿಗಳು ದಂಡೆಗೆ ಬಂದು ಬೂಟು ಹಾಕಿಕೊಂಡರು. ಆಮೇಲೆ, ಮುಳುಗಿಸುವಾಗ ನೀವು ಹಗುರಾಗಿದ್ದಿರಿ, ಎತ್ತುವಾಗ ಭಾರವಾಗಿದ್ದಿರಿ ಎಂದರು. ತೊಯ್ದ ಸೀರೆ ಭಾರವೇ ಅಲ್ಲವೇ ಎಂದು ನಾನು ಹಾರಿಸಿಬಿಟ್ಟೆ.

ಆಯಿ ಪಾರಿಶ್ವಾಡದ ಬಸ್ಸು ಹತ್ತಿದಳು, ನಾವು ಬೆಳಗಾವಿಯ ರೈಲು ಹತ್ತಿದೆವು. ಕವಿಗಳು ಬಾಗಿಲ ಬಳಿ ನಿಂತಿದ್ದರು. ಕಿಟಕಿಯ ಬಳಿಯ ಬೆಂಚಿನ ಮೇಲೆ ನಾನೊಬ್ಬಳೇ. ದೇಸೂರದಲ್ಲಿ ತರಕಾರಿ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಹತ್ತಿ ನನ್ನ ಮುಂದೆ ನಿಂತಳು.

"ನಿಮ್ಮ ಅಕ್ಕನ್ನ ಜರಾ ಈ ಕಡೆ ಸರಿಸಿಕೋರಿ. ಬುಟ್ಟಿ ಇಡತೇನಿ."

ನನ್ನ ಬಾಜು ಯಾರೂ ಇರಲಿಲ್ಲ. ಮುದುಕಿಗೆ ಕಣ್ಣಿನ ಪೊರೆ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಸರಿದು ಕುಳಿತೆ, ಇಬ್ಬರು ಕೂರುವಷ್ಟು. ಇದನ್ನು ಆಯಿಗೆ ಹೇಳಬೇಕು ಎಂದುಕೊಂಡೆ. ಆದರೆ ಅದಾದ ಮೇಲೆ ಅವ್ವ ನನ್ನನ್ನು ಊರಿಗೆ ಕಳಿಸಲಿಲ್ಲ. ಚಳಿ ಮುಗಿಯುವುದರೊಳಗೆ ಆಯಿ ನಿದ್ದೆಯಲ್ಲೇ ಹೋದಳು. ಅಂಗೈಯಲ್ಲಿ ಅವಳ ಲಿಂಗವಿಟ್ಟು ಕುಳ್ಳಿರಿಸಿದ್ದರು. ಉತ್ತರಕ್ಕೆ ಕಾಯುತ್ತಿರುವವಳ ಹಾಗೆ ಕಂಡಳು. ನಾನು ಬಾಯಿಬಿಟ್ಟು ಅತ್ತೆ. ಹೇಳಬೇಕಾದದ್ದನ್ನು ಹೇಳಲಾಗದೆ ಹೋದದ್ದಕ್ಕೂ ಅತ್ತೆ. ಕವಿಗಳು ಅದೇ ಬೇಸಿಗೆಯಲ್ಲಿ ತಮ್ಮ ದೇಶಕ್ಕೆ ಮರಳಿದರು.

ಎಂಬತ್ತರ ದಶಕದಲ್ಲಿ ಅವರು ಮತ್ತೆ ಬಂದಾಗ ಅವರ ತಲೆ ಬೆಳ್ಳಗಾಗಿತ್ತು. ನಾನು ಮದುವೆಯಾಗಿ, ಬೆಳಗಾವಿಯಲ್ಲೇ ಸಾಲೆಯ ಮಾಸ್ತರಿಣಿಯಾಗಿದ್ದೆ. ಕೊರಳಲ್ಲಿ ಎರಡು ಲಿಂಗ ಹಾಗೇ ಇದ್ದವು. ಗಂಡ ಒಮ್ಮೆ ಕೇಳಿದ್ದರು, ಹೇಳಿದ್ದೆ, ಮತ್ತೆ ಕೇಳಲಿಲ್ಲ. ಕವಿಗಳು ಅಚ್ಚಾದ ಪುಸ್ತಕ ತಂದಿದ್ದರು. ಆಯಿಯ ಪದಗಳು ಇಂಗ್ಲಿಷಿನಲ್ಲಿ, ಕೊನೆಗೆ ಅವರದೇ ಒಂದು ಕವಿತೆ. ಅದರಲ್ಲಿ ಕುಣಿಗಳಿರಲಿಲ್ಲ, ನದಿಯಿತ್ತು. ಪುಸ್ತಕ ಕೊಟ್ಟ ಮೇಲೂ ಅವರ ಮುಖದಲ್ಲಿ ಏನೋ ಉಳಿದಿತ್ತು.

"ಆ ಕೋಣೆಯಲ್ಲಿ ಈ ಟೇಪನ್ನು ಇನ್ನೊಮ್ಮೆ ಕೇಳಬೇಕಾಗಿದೆ," ಎಂದರು. "ನೀವೂ ಬರಬೇಕು."

ಪಾರಿಶ್ವಾಡಕ್ಕೆ ಹೋದೆವು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಸುಮ್ಮನೆ ಕುಳಿತಿತ್ತು. ಕಾಕಿ ಅದರ ಸುತ್ತ ಈರುಳ್ಳಿ ಹರವಿದ್ದಳು. ಆದರೆ ಎದುರಿನ ಜಾಗವನ್ನು ಅವಳೂ ಖಾಲಿ ಬಿಟ್ಟಿದ್ದಳು. ಬೆಳಕಿಂಡಿಯಿಂದ ಮಧ್ಯಾಹ್ನದ ಬಿಸಿಲು ಬೀಳುತ್ತಿತ್ತು. ಕವಿಗಳು ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿದರು.

ಕಲ್ಲಿನ ಸದ್ದು. ಆಯಿಯ ದನಿ.  ಹಳ್ಳ ತುಂಬಿ ಬಂತ. ನಾನು ಎರಡನೆಯ ಸಾಲಿಗೆ ಕಾದೆ.

ಆಯಿ ಒಬ್ಬಳೇ ಹಾಡಿದಳು. ಇನ್ನೊಂದು ದನಿ ಇರಲಿಲ್ಲ.

ಕವಿಗಳು ಟೇಪು ನಿಲ್ಲಿಸಿದರು. "ನದಿಯ ಆ ದಿನದ ನಂತರ ನಾನು ಇದನ್ನು ಮುಟ್ಟಿರಲಿಲ್ಲ. ಊರಿಗೆ ಹೋಗಿ ಹಾಕಿದಾಗ ಹೀಗಿತ್ತು. ಯಂತ್ರ ಬದಲಿಸಿ ನೋಡಿದೆ. ನೀವೂ ಕೇಳಿದ್ದಿರಲ್ಲವೇ ಆವತ್ತು? ಎರಡು ದನಿಗಳಿದ್ದವಲ್ಲವೇ?" ಅವರು ಖಾಲಿ ಜಾಗದ ಕಡೆ ನೋಡಿದರು. "ಆಕೆ ಎಲ್ಲಿ ಹೋದಳು?"

ಕೇಳಿದ್ದೆವು, ಇಬ್ಬರೂ ಕೇಳಿದ್ದೆವು ಎಂದೆ. ಅವರು ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಮೊದಲಿನಿಂದ ಹಾಕಿದರು. ನಾನು ಕಲ್ಲಿನ ಪಕ್ಕದಲ್ಲಿ ನಿಂತಿದ್ದೆ. ಆಯಿ ಮೊದಲ ಸಾಲು ಹಾಡಿ ಬಿಟ್ಟಳು.

ಆಗ ಆ ದನಿ ಕೇಳಿಸಿತು. ಸಣ್ಣಗೆ, ಎಲ್ಲೂ ತಪ್ಪದೆ, ಕಲ್ಲಿನ ಸದ್ದಿಗೆ ಸರಿಯಾಗಿ ಸೊಲ್ಲು ಹಿಡಿದ ಅದೇ ದನಿ. ಕವಿಗಳು ಟೇಪಿನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. ಅವರ ಕಣ್ಣು ನೋಡಿದ ಮೇಲೆಯೇ ನನಗೆ ತಿಳಿದದ್ದು, ಬಾಯಿ ತೆರೆದಿದ್ದದ್ದು ನಾನು. ಜನ್ಮದಲ್ಲಿ ಒಂದು ಸಾಲು ನೆಟ್ಟಗೆ ಹಾಡದ ನಾನು. ನಿಲ್ಲಿಸಬೇಕೆಂದುಕೊಂಡೆ, ಆಗಲಿಲ್ಲ. ಎದೆಯ ಮೇಲಿನ ಪುಟ್ಟ ಲಿಂಗ ಬೆಚ್ಚಗಾಗಿತ್ತು. ಆಯಿ ಪದ ಎತ್ತಿದಳು, ಗಂಟಲು ಸೊಲ್ಲು ಹಿಡಿಯಿತು. ಇಬ್ಬರೂ ಕೂಡಿ ಪದ ಮುಗಿಸಿದರು.

ಕಲ್ಲು ನಿಂತಿತು. ಟೇಪಿನಲ್ಲಿ ಆಯಿ ಉಸಿರು ತೆಗೆದುಕೊಂಡದ್ದು ಕೇಳಿಸಿತು.

"ಬಂದಿ ಏನವ್ವಾ? ಕುಂದರು."

ಆ ಖಾಲಿ ಜಾಗದಲ್ಲಿ ನಾನು ಕುಳಿತೆ.